ಕರಾವಳಿಯ ಸೆಕೆ, ಮಳೆಯಲ್ಲಿ ಮೊಲ ಸಾಕುವುದು ಹೇಗೆ? ಗೂಡು ಕಟ್ಟುವುದರಿಂದ ದಿನದ ಸ್ವಚ್ಛತೆವರೆಗೆ

ಮಂಗಳೂರು, ಉಡುಪಿ ಕಡೆ ಮೊಲ ಸಾಕುವವರು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ವಿಷಯ ಒಂದೇ: ಗೂಡು ಒಣಗಿರಬೇಕು. ತೊಳೆಯುವುದು ಆಮೇಲಿನ ಮಾತು. ನಮ್ಮಲ್ಲಿ ಸ್ವಚ್ಛ ಮಾಡುವುದು ಅಂದರೆ ನಾಲ್ಕು ಕೊಡಪಾನ ನೀರು ಸುರಿದು ಹಿಡಿಸೂಡಿಯಲ್ಲಿ ಉಜ್ಜಿ ಬಿಡುವುದು. ದನದ ಹಟ್ಟಿಗೆ ಅದು ಸರಿ, ಅಂಗಳಕ್ಕೂ ಸರಿ. ಮೊಲದ ಗೂಡಿಗೆ ಮಾತ್ರ ಅದೇ ತೊಂದರೆ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ನೀರು ಆರುವುದೇ ಇಲ್ಲ.

ಒದ್ದೆ ನೆಲದಲ್ಲಿ ಮೊಲಕ್ಕೆ ಏನಾಗುತ್ತದೆ? ಅದರ ಪಾದಕ್ಕೆ ನಾಯಿ, ಬೆಕ್ಕಿನ ಹಾಗೆ ಮೆತ್ತನೆಯ ಗದ್ದಿಗೆ ಇಲ್ಲ, ಬರೀ ರೋಮ. ಆ ರೋಮ ಒದ್ದೆಯಾಗಿ ಉದುರಿದರೆ ಕೆಳಗಿನ ಚರ್ಮ ಒಡೆದು ಹುಣ್ಣಾಗುತ್ತದೆ. ಉಚ್ಚೆ ನಿಂತಲ್ಲಿ ಅಮೋನಿಯಾ ಏಳುತ್ತದೆ. ಮೊಲದ ಮೂಗು ಯಾವಾಗಲೂ ನೆಲದ ಹತ್ತಿರವೇ ಇರುವುದರಿಂದ ಶ್ವಾಸದ ಕಾಯಿಲೆ ಬೇಗ ಹಿಡಿಯುತ್ತದೆ. ಹೊಟ್ಟೆಗೆ ಬರುವ ಕಾಕ್ಸಿಡಿಯಾ ಎಂಬ ರೋಗಾಣುವಿಗೂ ಬೆಚ್ಚಗೆ ಮತ್ತು ತೇವವೇ ಬೇಕು. ನೊಣದ ವಿಷಯ ಮುಂದೆ ಹೇಳುತ್ತೇನೆ. ಹೀಗಾಗಿ ಈ ಇಡೀ ಬರಹದಲ್ಲಿ ಪ್ರತಿಯೊಂದು ಹಂತದಲ್ಲೂ ನಾನು ಕೇಳುವ ಪ್ರಶ್ನೆ ಇದೇ: ಇದು ಒಣಗುತ್ತದಾ?

ಹಂತ 1: ಮೊಲ ತರುವ ಮೊದಲು

ಅಂಗಡಿಯಲ್ಲಿ ಅಂಗೈಯಗಲದ ಬಿಳಿ ಮರಿ ನೋಡಿ, ಅದರ ಅಳತೆಗೇ ಪುಟ್ಟ ಪಂಜರ ಕೊಂಡುಬರುವವರು ಜಾಸ್ತಿ. ದೊಡ್ಡ ತಳಿಯಾದರೆ, ಉದಾಹರಣೆಗೆ ನ್ಯೂಜಿಲೆಂಡ್ ವೈಟ್, ಆ ಮರಿ ವರ್ಷ ತುಂಬುವುದರೊಳಗೆ ನಾಲ್ಕೈದು ಕೆಜಿ ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬದುಕುತ್ತದೆ. ಮಕ್ಕಳು ಹಠ ಮಾಡಿದರು ಅಂತ ತರುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಮಗ ಪಿಯುಸಿ ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಗೂಡು ಗುಡಿಸಬೇಕಾದವರು ನೀವೇ.

ಮೊಲ ಒಂಟಿಯಾಗಿದ್ದರೆ ಸೊರಗುತ್ತದೆ. ಜೋಡಿ ಇದ್ದರೆ ಒಳ್ಳೆಯದು. ಆದರೆ ಗಂಡು ಹೆಣ್ಣನ್ನು ಸುಮ್ನೆ ಒಟ್ಟಿಗೆ ಬಿಡಬೇಡಿ. ಗರ್ಭ ಕೇವಲ 31 ದಿನದ್ದು, ಹೆತ್ತ ದಿನವೇ ಮತ್ತೆ ಗಬ್ಬ ಆಗಬಲ್ಲದು. ನಾಲ್ಕು ತಿಂಗಳಾಗುವ ಹೊತ್ತಿಗೆ ಬೇರೆ ಬೇರೆ ಇಡಬೇಕು, ಇಲ್ಲವೇ ಮೊಲದ ಅನುಭವ ಇರುವ ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಸ್ವಚ್ಛತೆಗೂ ಇದಕ್ಕೂ ನೇರ ಸಂಬಂಧ ಇದೆ. ಪ್ರಾಯಕ್ಕೆ ಬಂದ ಮೊಲ ತನ್ನ ಗಡಿ ಗುರುತಿಸಲು ಗೋಡೆ, ಸೋಫಾ, ನಿಮ್ಮ ಕಾಲು ಅಂತ ನೋಡದೆ ಉಚ್ಚೆ ಚಿಮ್ಮಿಸುತ್ತದೆ. ಶಸ್ತ್ರಚಿಕಿತ್ಸೆ ಆದ ಮೇಲೆ ಇದು ಬಹಳಷ್ಟು ಕಡಿಮೆಯಾಗುತ್ತದೆ, ಒಂದೇ ಮೂಲೆಯಲ್ಲಿ ಹೋಗುವ ಅಭ್ಯಾಸವೂ ಬೇಗ ಹಿಡಿಯುತ್ತದೆ.

ಒಂದು ಎಚ್ಚರಿಕೆ. ಗುಡ್ಡೆಯಲ್ಲಿ ಹುಲ್ಲು ಹೆರೆಯುವಾಗ ಕಂದು ಬಣ್ಣದ ಮೊಲದ ಮರಿ ಸಿಕ್ಕಿದರೆ ಮನೆಗೆ ತರಬೇಡಿ. ಅದು ಕಾಡುಮೊಲ, ಸಾಕುಮೊಲದ ಜಾತಿಯೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವಂತಿಲ್ಲ. ಮರಿ ಒಂಟಿಯಾಗಿದೆ ಅಂತ ಕನಿಕರ ಪಡುವುದೂ ಬೇಡ. ತಾಯಿ ಹಗಲಿಡೀ ಮರಿಯನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು, ಕತ್ತಲಾಗುವಾಗ ಬಂದು ಹಾಲು ಕೊಡುತ್ತದೆ. ಸಿಕ್ಕಿದಲ್ಲೇ ಬಿಟ್ಟುಬಿಡಿ.

ಹಂತ 2: ಗೂಡಿಗೆ ಜಾಗ

ನಮ್ಮ ಕರಾವಳಿಯಲ್ಲಿ ಎರಡು ಉಪದ್ರವೂ ಒಂದೇ ದಿಕ್ಕಿನಿಂದ ಬರುತ್ತವೆ. ಬೇಸಿಗೆಯ ಮಧ್ಯಾಹ್ನದ ಬಿಸಿಲು ಪಶ್ಚಿಮದಿಂದ, ಮಳೆಗಾಲದ ಗಾಳಿ ಮತ್ತು ಇರಚಲು ಕೂಡ ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಗೂಡಿನ ಬೆನ್ನು ಪಡುವಣಕ್ಕೆ ಇರಲಿ. ಪಡುವಣದ ಗೋಡೆ ಪೂರ್ತಿ ಮುಚ್ಚಿರಲಿ. ಬಾಗಿಲು, ಬಲೆ ಎಲ್ಲ ಮೂಡಣಕ್ಕೆ ಅಥವಾ ಬಡಗಣಕ್ಕೆ ತೆರೆಯಲಿ. ಬೆಳಗ್ಗಿನ ಎಳೆಬಿಸಿಲು ಒಳಗೆ ಬೀಳುತ್ತದೆ, ಅದು ಗೂಡು ಒಣಗಲು ಸಾಕು.

ಮನೆಯ ಮೂಡಣ ಬದಿಯ ಜಗಲಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಾಡು ಮೊದಲೇ ಇದೆ, ಗೋಡೆ ಇದೆ, ಮನೆಯವರ ಕಣ್ಣೂ ಮೇಲಿರುತ್ತದೆ. ಹಟ್ಟಿಯ ಪಕ್ಕ ಇಡಬೇಡಿ, ಅಲ್ಲಿ ನೊಣ ಜಾಸ್ತಿ. ತೆಂಗಿನ ಮರದ ಕೆಳಗೂ ಬೇಡ. ಬಾವಿಕಟ್ಟೆಯಿಂದ ದೂರ ಇರಲಿ, ತೊಳೆದ ನೀರು ಬಾವಿಯತ್ತ ಇಳಿಯುವ ಇಳಿಜಾರಿನಲ್ಲಂತೂ ಗೂಡು ಬೇಡವೇ ಬೇಡ.

ಅಳತೆ: ಎರಡು ಮೊಲಕ್ಕೆ ಸುಮಾರು 10 ಅಡಿ ಉದ್ದ, 6 ಅಡಿಗಿಂತ ಸ್ವಲ್ಪ ಜಾಸ್ತಿ ಅಗಲ, 3 ಅಡಿ ಎತ್ತರ. ಕೇಳಿದರೆ ದೊಡ್ಡದೆನಿಸುತ್ತದೆ. ಆದರೆ ಮೊಲ ಮೂರು ನೆಗೆತ ನೆಗೆಯಬೇಕು, ಹಿಂಗಾಲಲ್ಲಿ ನಿಂತಾಗ ಕಿವಿ ಮಾಡಿಗೆ ತಾಗಬಾರದು, ಉದ್ದಕ್ಕೆ ಕಾಲು ಚಾಚಿ ಮಲಗಬೇಕು. ಅಷ್ಟು ಜಾಗ ಇಲ್ಲದಿದ್ದರೆ ಚಿಕ್ಕ ಗೂಡನ್ನು ಮಲಗುವ ಕೋಣೆಯ ಹಾಗೆ ಇಟ್ಟು, ಅದರ ಬಾಗಿಲಿಗೆ ಬಲೆಯ ಆವರಣ ಜೋಡಿಸಿ. ಸ್ವಚ್ಛತೆಗೂ ಜಾಗಕ್ಕೂ ನಂಟಿದೆ. ಇಕ್ಕಟ್ಟಾದ ಪಂಜರದಲ್ಲಿ ಮೊಲ ತಾನು ಹೋದ ಜಾಗದಲ್ಲೇ ಕೂರಬೇಕು. ಜಾಗ ಇದ್ದರೆ ಅದೇ ಒಂದು ಮೂಲೆ ಆರಿಸಿಕೊಳ್ಳುತ್ತದೆ, ಉಳಿದದ್ದು ತಾನಾಗಿಯೇ ಚೊಕ್ಕ ಇರುತ್ತದೆ.

ಹಂತ 3: ಗೂಡು ಕಟ್ಟುವುದು

ಮಾಡಿನಿಂದ ಶುರುಮಾಡೋಣ. ತಗಡಿನ ಶೀಟು ಅಗ್ಗ, ಬೇಗ ಕೂರಿಸಬಹುದು. ಆದರೆ ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಮೊಲ ಬೇಯುತ್ತದೆ, ಮಳೆ ಹೊಯ್ಯುವಾಗ ಆ ಸದ್ದಿಗೆ ಹೆದರಿ ಮೂಲೆ ಸೇರುತ್ತದೆ. ಹೆಂಚು ಹಾಕಿ. 1865ರಲ್ಲಿ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಊರಲ್ವಾ ನಮ್ಮದು. ಹಳೆ ಮನೆ ಬಿಚ್ಚುವಲ್ಲಿ ಕೇಳಿದರೆ ಗೂಡಿಗೆ ಬೇಕಾದಷ್ಟು ಹೆಂಚು ಸುಲಭಕ್ಕೆ ಸಿಗುತ್ತದೆ. ಹೆಂಚಿನ ಸಂದಿನಲ್ಲಿ ಬಿಸಿಗಾಳಿ ಮೇಲೆ ಹೋಗುತ್ತದೆ, ಅದೇ ಅದರ ಗುಣ. ಶೀಟೇ ಗತಿ ಅಂತಾದರೆ ಮೇಲೆ ತೆಂಗಿನ ಮಡಲು ಅಥವಾ ಅಡಿಕೆ ಸೋಗೆ ದಪ್ಪಕ್ಕೆ ಹಾಸಿ ಕಟ್ಟಿ. ಮಾಡು ಗೂಡಿನಿಂದ ಎರಡು ಅಡಿಯಾದರೂ ಹೊರಗೆ ಚಾಚಿರಲಿ.

ಗೋಡೆಗೆ ಕೆಂಪುಕಲ್ಲು ಉತ್ತಮ. ಮರದ ಗೂಡಾದರೆ ಹಲಸು ಅಥವಾ ಯಾವುದಾದರೂ ಗಟ್ಟಿ ಮರ ಬಳಸಿ. ಸಾದಾ ಪ್ಲೈವುಡ್ ಒಂದೇ ಮಳೆಗಾಲದಲ್ಲಿ ಉಬ್ಬಿ ಪದರ ಬಿಡುತ್ತದೆ. ಅಡಿಕೆ ದಬ್ಬೆ ಹೊರಗಿನ ಮರೆಗೆ ಆಗಬಹುದು, ನೆಲಕ್ಕೆ ಬೇಡ. ಅದರ ಸಿಬಿರು ಪಾದಕ್ಕೆ ಚುಚ್ಚುತ್ತದೆ, ಉಚ್ಚೆ ಹೀರಿಕೊಂಡರೆ ವಾಸನೆ ಹೋಗುವುದೇ ಇಲ್ಲ.

ಬಲೆಯ ವಿಷಯದಲ್ಲಿ ಜಿಪುಣತನ ಬೇಡ. ಕೋಳಿಗೂಡಿಗೆ ಹಾಕುವ ತೆಳು ಬಲೆಯನ್ನು ಮೊಲ ಹಲ್ಲಲ್ಲಿ ಕತ್ತರಿಸುತ್ತದೆ, ಬೀದಿನಾಯಿ ಒಂದೇ ಎಳೆತಕ್ಕೆ ಕಿತ್ತುಹಾಕುತ್ತದೆ. ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಷ್ (ಸತು ಲೇಪಿಸಿ ಬೆಸುಗೆ ಹಾಕಿದ ಗಟ್ಟಿ ತಂತಿಬಲೆ) ತನ್ನಿ. ಅರ್ಧ ಇಂಚೇ ಯಾಕೆ ಅಂದರೆ ಅದಕ್ಕಿಂತ ದೊಡ್ಡ ಕಣ್ಣಲ್ಲಿ ಇಲಿ ನುಗ್ಗುತ್ತದೆ, ಇಲಿಯ ಹಿಂದೆ ಹಾವು. ನಮ್ಮ ಕಡೆ ಹೆಬ್ಬಾವು ಅಪರೂಪವೇನಲ್ಲ. ಕಬ್ಬೆಕ್ಕು ರಾತ್ರಿ ಮಾಡಿನ ಮೇಲಿಂದ ಬರುತ್ತದೆ, ಮುಂಗುಸಿ ಹಗಲಲ್ಲೇ ಬರುತ್ತದೆ. ಬಾಗಿಲಿಗೆ ಬರೀ ಕೊಂಡಿ ಸಾಲದು, ಚಿಲಕ ಇರಲಿ. ಕಡಲಿನ ಉಪ್ಪುಗಾಳಿಗೆ ಬಲೆ ತುಕ್ಕು ಹಿಡಿಯುವುದು ಬೇಗ, ವರ್ಷಕ್ಕೊಮ್ಮೆ ಕೈಯಲ್ಲಿ ಒತ್ತಿ ನೋಡಿ. ಬಲೆಯ ಒಳಬದಿಗೆ ಸೊಳ್ಳೆಪರದೆ ಕಟ್ಟಿದರೆ ಮೊಲ ಅದನ್ನು ತಿಂದುಬಿಡುತ್ತದೆ. ಹೊರಬದಿಗೆ ಕಟ್ಟಿ.

ಈಗ ನೆಲ. ಇಡೀ ಗೂಡಿನಲ್ಲಿ ಹೆಚ್ಚು ಯೋಚಿಸಬೇಕಾದ ಜಾಗ ಇದೇ. ಅಂಗಡಿಯ ಪಂಜರಗಳಿಗೆ ತಂತಿಯ ನೆಲ ಇರುತ್ತದೆ. ಹಿಕ್ಕೆ ಕೆಳಗೆ ಬೀಳುತ್ತದೆ, ಗುಡಿಸುವುದು ಸುಲಭ, ಅಷ್ಟೇ ಅದರ ಲಾಭ. ಗದ್ದಿಗೆ ಇಲ್ಲದ ಪಾದ ಸದಾ ತಂತಿಯ ಮೇಲೆ ನಿಂತರೆ ಹಿಮ್ಮಡಿ ಕೆಂಪಾಗಿ, ರೋಮ ಹೋಗಿ, ಕೊನೆಗೆ ಕೀವಾಗುತ್ತದೆ. ಮನೆಯಲ್ಲಿ ಈಗಾಗಲೇ ಅಂಥ ಪಂಜರ ಇದ್ದರೆ ಇವತ್ತೇ ಒಂದು ದಪ್ಪ ಹಲಗೆ ಹಾಸಿ.

ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ: ಕೆಂಪುಕಲ್ಲಿನಲ್ಲಿ ಒಂದೂವರೆ ಅಡಿ ಎತ್ತರದ ಕಟ್ಟೆ, ಮೇಲೆ ನಯವಾದ ಸಿಮೆಂಟ್ ಸಾರಣೆ, ಒಂದು ಬದಿಗೆ ಸಣ್ಣ ಇಳಿಜಾರು, ಅಲ್ಲಿ ನೀರು ಹೋಗಲು ಒಂದು ಕೊಳವೆ. ಕೊಳವೆಯ ಬಾಯಿಗೂ ಮೆಷ್ ಹಾಕಿ. ಕಟ್ಟೆ ಇದ್ದರೆ ಅಂಗಳದ ನೀರು ಮೇಲೇರುವುದಿಲ್ಲ, ಮೊಲ ಬಿಲ ತೋಡಿ ಹೊರಗೆ ಹೋಗುವುದೂ ಇಲ್ಲ. ಸಿಮೆಂಟಿನ ಮೇಲೆ ನೇರವಾಗಿ ಬಿಡಬಾರದು. ಮಲಗುವ ಕಡೆ ಗೋಣಿ ಎರಡು ಪದರ ಹಾಸಿ, ಇಲ್ಲವೇ ಓಲೆ ಚಾಪೆ. ಓಲೆ ಚಾಪೆಯನ್ನು ಅದು ಕಡಿದು ತಿಂದರೂ ತೊಂದರೆಯಿಲ್ಲ. ತೆಂಗಿನ ನಾರಿನ ಒರಟು ಮ್ಯಾಟ್ ಪಾದಕ್ಕೆ ಉಜ್ಜುತ್ತದೆ, ಬೇಡ.

ಕಾಲಿರುವ ಮರದ ಗೂಡಾದರೆ ಇರುವೆಗೆ ಕಾಲಿನ ಕೆಳಗೆ ನೀರಿನ ಬಟ್ಟಲು ಇಡುತ್ತೇವೆ. ಒಳ್ಳೆಯದೇ. ಆದರೆ ಆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ವಾರ ನಿಂತರೆ ಸೊಳ್ಳೆ ಮರಿ ಎದ್ದುಬಿಡುತ್ತದೆ. ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಊರು ಮಂಗಳೂರು.

ಗೂಡಿನೊಳಗೆ ಒಂದು ಅಡಗುವ ಪೆಟ್ಟಿಗೆ ಇರಲೇಬೇಕು. ಹಣ್ಣಿನ ಮರದ ಪೆಟ್ಟಿಗೆ ಮಗುಚಿ ಹಾಕಿ ಎರಡು ಕಡೆ ಬಾಗಿಲು ಕೊರೆದರೆ ಆಯಿತು. ಮೊಳೆ ಹೊರಗೆ ಬಂದಿದೆಯಾ ನೋಡಿಕೊಳ್ಳಿ.

ಫ್ಲ್ಯಾಟ್‌ನಲ್ಲಿ ಇರುವವರಿಗೆ

ಕದ್ರಿ, ಬಿಜೈ, ಮಣಿಪಾಲದ ಫ್ಲ್ಯಾಟ್‌ಗಳಲ್ಲೂ ಮೊಲ ಸಾಕುವವರಿದ್ದಾರೆ. ಪಡುವಣದ ಬಾಲ್ಕನಿ ಬೇಡ. ಮೇಲೆ ಹೇಳಿದ ಬಿಸಿಲು, ಇರಚಲು ಅಲ್ಲೂ ಬಿಡುವುದಿಲ್ಲ. ನಾಯಿಮರಿಗೆ ಬಳಸುವ ಮಡಚುವ ಪ್ಲೇಪೆನ್ (ಬೇಲಿಯಂಥ ಆವರಣ) ತಂದು ಹಾಲ್‌ನ ಒಂದು ಮೂಲೆಯಲ್ಲಿ ಹಾಕಿ. ಟೈಲ್ಸ್ ನೆಲದಲ್ಲಿ ಮೊಲದ ಕಾಲು ಜಾರುತ್ತದೆ, ಓಡಲು ಹೆದರುತ್ತದೆ. ಹತ್ತಿಯ ದಪ್ಪ ಜಮಖಾನ ಎರಡು ಇರಲಿ, ಒಂದು ಹಾಸಿಗೆಗೆ, ಒಂದು ಒಗೆಯುವುದಕ್ಕೆ. ಕರೆಂಟ್ ವಯರುಗಳನ್ನು ಪಿವಿಸಿ ಪೈಪಿನೊಳಗೆ ತೂರಿಸಿ. ಇದನ್ನು ಆಮೇಲೆ ಮಾಡೋಣ ಅಂತ ಬಿಡಬೇಡಿ, ಒಂದೇ ಕಡಿತಕ್ಕೆ ಪ್ರಾಣ ಹೋಗುತ್ತದೆ.

ಹಂತ 4: ಉಚ್ಚೆ ಮೂಲೆ

ಮೊಲ ಸ್ವಭಾವತಃ ಗಲೀಜು ಪ್ರಾಣಿ ಅಲ್ಲ. ಒಂದೆರಡು ಮೂಲೆಯನ್ನೇ ಆರಿಸಿಕೊಂಡು ಅಲ್ಲೇ ಹೋಗುತ್ತದೆ. ನಾವು ಮಾಡಬೇಕಾದ್ದು ಇಷ್ಟೇ: ಮೊದಲ ಕೆಲವು ದಿನ ಸುಮ್ಮನೆ ಗಮನಿಸಿ, ಅದು ಆರಿಸಿದ ಮೂಲೆಯಲ್ಲೇ ಟ್ರೇ ಇಡಬೇಕು. ನಮಗೆ ಅನುಕೂಲವಾದ ಮೂಲೆಯಲ್ಲಿ ಇಟ್ಟರೆ ಅದು ಕೇಳುವುದಿಲ್ಲ.

ಟ್ರೇ ದೊಡ್ಡದಿರಲಿ, ಮೊಲ ಪೂರ್ತಿ ಒಳಗೆ ಕೂತು ತಿರುಗುವಷ್ಟು. ಪಾತ್ರೆ ಅಂಗಡಿಯ ಅಗಲವಾದ ಪ್ಲಾಸ್ಟಿಕ್ ಟಬ್ ತಂದು ಒಂದು ಬದಿ ತಗ್ಗಾಗಿ ಕತ್ತರಿಸಿ ಅಂಚು ಉಜ್ಜಿದರೆ ಸಾಕು. ಒಳಗೆ ಮೊದಲು ದಿನಪತ್ರಿಕೆ ಐದಾರು ಪದರ. ಅದರ ಮೇಲೆ ಹರಿದ ಪತ್ರಿಕೆಯ ಚೂರು ಅಥವಾ ಕಾಗದದಿಂದ ಮಾಡಿದ ಉಂಡೆ ಎರಡು ಇಂಚು. ಅದರ ಮೇಲೆ ಒಣ ಹುಲ್ಲು. ಹುಲ್ಲಿನ ಬುಟ್ಟಿಯನ್ನು ಟ್ರೇಯ ಮೇಲೇ ತೂಗಿಹಾಕಿ. ಮೊಲ ತಿನ್ನುತ್ತಾ ಹಿಕ್ಕೆ ಹಾಕುವ ಪ್ರಾಣಿ. ಹುಲ್ಲು ಎಲ್ಲಿದೆಯೋ ಅಲ್ಲೇ ಕೂರುತ್ತದೆ, ಅಲ್ಲೇ ಹೋಗುತ್ತದೆ. ಟ್ರೇ ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ. ಹೊರಗೆ ಬಿದ್ದ ಹಿಕ್ಕೆಯನ್ನು ಎತ್ತಿ ಟ್ರೇಗೆ ಹಾಕಿ, ಉಚ್ಚೆ ಒರೆಸಿದ ಕಾಗದವನ್ನೂ ಅದರೊಳಗೇ ಇಡಿ. ಬೈದರೆ, ಹೊಡೆದರೆ ಅದಕ್ಕೆ ಅರ್ಥವಾಗುವುದು ಹೆದರಿಕೆ ಮಾತ್ರ.

ಏನು ಹಾಕಬಾರದು ಅನ್ನುವುದು ಅಷ್ಟೇ ಮುಖ್ಯ. ಮರದ ಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆ ಅಂತ ತರುತ್ತಾರೆ. ಅದರ ನುಣ್ಣನೆ ಧೂಳು ಮೂಗಿಗೆ ಹೋಗುತ್ತದೆ, ಯಾವ ಯಾವ ಮರದ್ದೋ ಗೊತ್ತಿರುವುದಿಲ್ಲ. ಪೈನ್, ಸೀಡರ್ ಮರದ ಹಸಿ ಹೊಟ್ಟಿನ ಘಾಟು ಮೊಲದ ಯಕೃತ್ತಿಗೆ ಹಾನಿ. ಬೆಕ್ಕಿಗೆ ಬಳಸುವ ಗಟ್ಟಿಯಾಗುವ ಮಣ್ಣಿನ ಲಿಟರ್ ಅಂತೂ ಬೇಡವೇ ಬೇಡ, ನುಂಗಿದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಬೈಹುಲ್ಲು ಹಾಸಬಹುದು, ಆದರೆ ಚೆನ್ನಾಗಿ ಒಣಗಿದ್ದು, ಮುಗ್ಗಲು ವಾಸನೆ ಇಲ್ಲದ್ದು. ಕೈಯಲ್ಲಿ ಮುರಿದರೆ ಪಟ್ ಅನ್ನಬೇಕು. ಬಾಗಿದರೆ ಅದರಲ್ಲಿ ನೀರಿದೆ.

ಹಂತ 5: ದಿನದ ಕೆಲಸ, ವಾರದ ಕೆಲಸ

ಬೆಳಗ್ಗೆ ಕಾಲು ಗಂಟೆ ಸಾಕು. ರಾತ್ರಿ ಉಳಿದ ಸೊಪ್ಪು, ತರಕಾರಿ ಮೊದಲು ತೆಗೆಯಿರಿ. ನಮ್ಮ ಹವೆಯಲ್ಲಿ ಅದು ಒಂದೇ ರಾತ್ರಿಗೆ ಲೋಳೆಯಾಗುತ್ತದೆ, ಇಲಿಯನ್ನೂ ಕರೆಯುತ್ತದೆ. ಆಮೇಲೆ ಒಣ ಹಿಕ್ಕೆಯನ್ನು ಸಣ್ಣ ಹಿಡಿಸೂಡಿಯಿಂದ ಗುಡಿಸಿ ಅಡಿಕೆ ಹಾಳೆಗೆ ಎಳೆದುಕೊಳ್ಳಿ. ಟ್ರೇಯಲ್ಲಿ ಚಂಡಿಯಾದ ಮೂಲೆಯ ಕಾಗದ ಅಷ್ಟನ್ನು ಎತ್ತಿ ಹೊಸದು ತುಂಬಿ. ನೀರಿನ ಬಟ್ಟಲು ತೊಳೆದು ಬೇರೆ ನೀರು ಹಾಕಿ. ಭಾರದ ಮಣ್ಣಿನ ಅಥವಾ ಪಿಂಗಾಣಿ ಬಟ್ಟಲು ಒಳ್ಳೆಯದು, ಮಗುಚುವುದಿಲ್ಲ. ಬಟ್ಟಲು ಚೆಲ್ಲಿ ಹಾಸಿಗೆ ಒದ್ದೆಯಾದರೆ ಆ ಕ್ಷಣವೇ ಬದಲಿಸಿ.

ಹಿಕ್ಕೆಯನ್ನು ದಿನವೂ ತೆಗೆಯಬೇಕು ಅನ್ನುವುದಕ್ಕೆ ಸ್ಪಷ್ಟ ಕಾರಣ ಇದೆ. ಕಾಕ್ಸಿಡಿಯಾದ ಮೊಟ್ಟೆಯಂಥ ಕಣಗಳು ಹಿಕ್ಕೆಯಲ್ಲಿ ಹೊರಬಂದ ತಕ್ಷಣ ರೋಗ ಹರಡುವುದಿಲ್ಲ. ಬೆಚ್ಚನೆಯ ತೇವದಲ್ಲಿ ಸುಮಾರು ಒಂದರಿಂದ ಮೂರು ದಿನ ಇದ್ದರೆ ಆಗ ಬಲಿಯುತ್ತವೆ. ಅದಕ್ಕೂ ಮೊದಲೇ ಗುಡಿಸಿ ಹಾಕಿದರೆ ಸರಪಳಿ ಅಲ್ಲಿಗೆ ಕಡಿಯಿತು. ಮರಿಗಳು ಇದ್ದಕ್ಕಿದ್ದಂತೆ ಭೇದಿಯಾಗಿ ಸಾಯುವುದಕ್ಕೆ ಈ ರೋಗ ಒಂದು ದೊಡ್ಡ ಕಾರಣ.

ಎರಡು ದಿನಕ್ಕೊಮ್ಮೆ ಟ್ರೇ ಪೂರ್ತಿ ಖಾಲಿ ಮಾಡಿ. ಮಳೆಗಾಲದಲ್ಲಿ ದಿನಾ ಮಾಡಿದರೂ ಜಾಸ್ತಿಯಾಗುವುದಿಲ್ಲ. ಹೊಸ ಕಾಗದ ಹಾಕಿದ ಮೇಲೆ ಹಳೆಯ ನಾಲ್ಕು ಹಿಕ್ಕೆ ಅದರಲ್ಲೇ ಬಿಡಿ. ತನ್ನ ವಾಸನೆ ಪೂರ್ತಿ ಮಾಯವಾದರೆ ಮೊಲ ಗಾಬರಿಯಾಗಿ ಇಡೀ ಗೂಡಿಗೆ ಮತ್ತೆ ಗುರುತು ಹಾಕಲು ಹೊರಡುತ್ತದೆ. ಇದೇ ಕಾರಣಕ್ಕೆ ವಾರದ ದೊಡ್ಡ ತೊಳೆತದಲ್ಲೂ ಎಲ್ಲವನ್ನೂ ಒಂದೇ ದಿನ ತೊಳೆಯಬೇಡಿ. ಭಾನುವಾರ ನೆಲ ತೊಳೆದರೆ ಹಾಸಿಗೆ, ಪೆಟ್ಟಿಗೆ ಬುಧವಾರಕ್ಕೆ ಇರಲಿ.

ವಾರದ ತೊಳೆತದ ಕ್ರಮ ಹೀಗೆ. ಬಿಸಿಲು ಅಥವಾ ಕನಿಷ್ಠ ಗಾಳಿ ಇರುವ ದಿನ ಆರಿಸಿ, ಬೆಳಗ್ಗೆಯೇ ಶುರುಮಾಡಿ. ಮೊಲವನ್ನು ಬೇರೆ ಕಡೆ ಬಿಡಿ. ಒಣ ಕಸ ಎಲ್ಲ ತೆಗೆದ ಮೇಲೆಯೇ ನೀರು ಮುಟ್ಟಬೇಕು. ಮೊದಲು ನೀರು ಹಾಕಿದರೆ ಹಿಕ್ಕೆ ಕರಗಿ ಸಂದಿಗೆಲ್ಲ ಮೆತ್ತಿಕೊಳ್ಳುತ್ತದೆ. ಉಚ್ಚೆ ಮೂಲೆಯಲ್ಲಿ ಸುಣ್ಣದಂಥ ಬಿಳಿ ಪದರ ಕಾಣುತ್ತದಲ್ಲ, ಅದು ಕ್ಯಾಲ್ಸಿಯಂ. ಮೊಲದ ದೇಹ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಉಚ್ಚೆಯಲ್ಲೇ ಹೊರಹಾಕುತ್ತದೆ. ಸೋಪಿಗೆ ಆ ಪದರ ಬಗ್ಗುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ. ಕರಗಿ ಬರುತ್ತದೆ. ಪದರ ತೀರಾ ದಪ್ಪವಾಗುತ್ತಿದ್ದರೆ ನುಗ್ಗೆಸೊಪ್ಪು ದಿನಾ ಕೊಡುತ್ತಿದ್ದೀರಾ ಅಂತ ಯೋಚಿಸಿ, ಅದರಲ್ಲಿ ಕ್ಯಾಲ್ಸಿಯಂ ಬಹಳ.

ಆಮೇಲೆ ಕುದಿಯುವ ನೀರು. ಕಾಕ್ಸಿಡಿಯಾದ ಕಣಗಳು ನೆಲ ತೊಳೆಯುವ ಮಾಮೂಲಿ ಔಷಧಗಳಿಗೆ ಸಾಯುವುದಿಲ್ಲ, ಆದರೆ ಕುದಿನೀರಿಗೆ ಸಾಯುತ್ತವೆ. ಬಚ್ಚಲ ಹಂಡೆ ಇರುವ ಮನೆಗಳಿಗೆ ಇದೊಂದು ಅನುಕೂಲ, ಆದರೆ ಸ್ನಾನದ ಬಿಸಿ ಸಾಲದು, ಕುದಿ ಬರಬೇಕು. ಟ್ರೇ, ಬಟ್ಟಲು, ಸಿಮೆಂಟ್ ನೆಲದ ಮೂಲೆಗಳಿಗೆ ಹುಷಾರಾಗಿ ಸುರಿಯಿರಿ. ಕೊನೆಗೆ ರಬ್ಬರ್ ವೈಪರ್‌ನಲ್ಲಿ ನೀರು ಎಳೆದು, ಒಣಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ. ಅಂಗೈ ಒತ್ತಿ ನೋಡಿದಾಗ ತಂಪು ತಾಗಬಾರದು. ಅಲ್ಲಿವರೆಗೂ ಮೊಲ ಒಳಗೆ ಬರುವುದು ಬೇಡ.

ಬ್ಲೀಚ್ ಬೇಕಾಗುವುದು ಕಾಯಿಲೆ ಬಂದ ಮೊಲದ ಗೂಡಿಗೆ ಮಾತ್ರ. ಒಂದು ಪಾಲಿಗೆ ಹತ್ತು ಪಾಲು ನೀರು, ಹತ್ತು ನಿಮಿಷ ಬಿಟ್ಟು ಎರಡು ಸಲ ತೊಳೆದು ಒಣಗಿಸಬೇಕು. ಉಚ್ಚೆ ಇರುವಾಗಲೇ ಬ್ಲೀಚ್ ಸುರಿದರೆ, ವಿನೆಗರ್ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ. ನಿಮಗೂ ಅಪಾಯ, ಮೊಲಕ್ಕೂ ಅಪಾಯ. ಘಾಟು ಫಿನೈಲ್ ಗೂಡಿಗೆ ತರಬೇಡಿ. ಮೊಲ ದಿನವಿಡೀ ಪಾದ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತದೆ, ನೆಲದಲ್ಲಿ ಉಳಿದದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನುಸಿಗುಳಿಗೆ, ಸೊಳ್ಳೆಬತ್ತಿ ಕೂಡ ಹತ್ತಿರ ಬೇಡ.

ಹಂತ 6: ಮಳೆಗಾಲದ ತಯಾರಿ

ಮೇ 24ರ ಸುಮಾರಿಗೆ ಪತ್ತನಾಜೆ ಬರುತ್ತದೆ. ಕೋಲ, ನೇಮ, ಬಯಲಾಟ ಮುಗಿಸುವ ಆ ಗಡುವೇ ಗೂಡಿನ ಕೆಲಸಕ್ಕೂ ಗಡುವು ಆಗಲಿ. ಅಷ್ಟರೊಳಗೆ ಒಡೆದ ಹೆಂಚು ಬದಲಿಸಿ. ಪಡುವಣದ ಬದಿಗೆ ಮಡಲಿನ ತಟ್ಟಿ ಕಟ್ಟಿ. ಪ್ಲಾಸ್ಟಿಕ್ ಟಾರ್ಪಾಲಿನಿಂದ ಸುತ್ತಲೂ ಬಿಗಿದು ಕಟ್ಟಿದರೆ ಇರಚಲು ನಿಲ್ಲುತ್ತದೆ, ಜೊತೆಗೆ ಗಾಳಿಯೂ ನಿಲ್ಲುತ್ತದೆ, ಒಳಗೆ ಬೂಸ್ಟು ಹಿಡಿಯುತ್ತದೆ. ತಟ್ಟಿಯಲ್ಲಿ ಗಾಳಿ ಆಡುತ್ತದೆ, ಹಿರಿಯರು ಮನೆಯ ಮಣ್ಣಿನ ಗೋಡೆಗೂ ಅದನ್ನೇ ಕಟ್ಟುತ್ತಿದ್ದರು. ನಾಲ್ಕು ತಿಂಗಳಿಗೆ ಬೇಕಾದ ಹಳೆ ಪತ್ರಿಕೆ, ಒಣಹುಲ್ಲು ಸಂಗ್ರಹಿಸಿ ಅಟ್ಟದಲ್ಲಿಡಿ, ನೆಲಕ್ಕೆ ಮುಟ್ಟಿಸಬೇಡಿ.

ಹಸಿಹುಲ್ಲನ್ನು ಮಳೆನೀರು ಸಮೇತ ಕೊಡಬಾರದು. ಗರಿಕೆ ಕೊಯ್ದು ತಂದು, ಕೊಡವಿ, ಜಗಲಿಯಲ್ಲಿ ತೆಳುವಾಗಿ ಹರಡಿ ಫ್ಯಾನ್ ಗಾಳಿಗೆ ಬಿಡಿ. ರಾಶಿ ಹಾಕಿದರೆ ನಡುವೆ ಬಿಸಿಯೇರಿ ಹಾಳಾಗುತ್ತದೆ.

ಈಗ ನೊಣ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಮೊಲದ ಜೀವಕ್ಕೆ ದೊಡ್ಡ ಅಪಾಯ ಇದೇ. ಮೊಲದ ಹಿಂಭಾಗದ ರೋಮಕ್ಕೆ ಉಚ್ಚೆ ಅಥವಾ ಮೆತ್ತನೆ ಹಿಕ್ಕೆ ಅಂಟಿಕೊಂಡಿದ್ದರೆ ನೊಣ ಅಲ್ಲಿ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಹುಳ ಹೊರಬಂದು ಚರ್ಮವನ್ನೇ ಕೊರೆಯಲು ಶುರುಮಾಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ, ಬೆಳಗ್ಗೆ ಮತ್ತು ದೀಪ ಹಚ್ಚುವ ಹೊತ್ತಿಗೆ, ಹಿಂಭಾಗ ನೋಡಲೇಬೇಕು.

ನೋಡುವ ರೀತಿ: ನೆಲದಲ್ಲಿ ಚಕ್ಕಳಮಕ್ಕಳ ಕೂತು ಮೊಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ, ತಲೆ ನಿಮ್ಮ ಮೊಣಕೈಯ ಸಂದಿನಲ್ಲಿ ಇರಲಿ. ಒಂದು ಕೈ ಎದೆಯ ಕೆಳಗೆ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಬಾಲವನ್ನು ಮೆಲ್ಲ ಮೇಲೆತ್ತಿ. ಅಲ್ಲಿನ ರೋಮ ಬೇರೆ ಬೇರೆ ಎಳೆಯಾಗಿ, ಚೊಕ್ಕವಾಗಿ ಇರಬೇಕು. ಅಂಟಿಕೊಂಡು ಹಳದಿಯಾಗಿದ್ದರೆ ಬೆಚ್ಚಗಿನ ಒದ್ದೆಬಟ್ಟೆಯಲ್ಲಿ ಆ ಜಾಗ ಮಾತ್ರ ಒರೆಸಿ, ಒಣಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ. ಅಕ್ಕಿಯ ನುಚ್ಚಿನಂಥ ಬಿಳಿ ಮೊಟ್ಟೆ ಕಂಡರೆ ಒಂದೊಂದಾಗಿ ತೆಗೆಯಿರಿ. ಹುಳ ಕಂಡರೆ ಮನೆಮದ್ದು ಬೇಡ, ಆ ಗಂಟೆಯೇ ಪಶುವೈದ್ಯರ ಹತ್ತಿರ ಓಡಿ. ಇಡೀ ಮೊಲವನ್ನು ಸ್ನಾನ ಮಾಡಿಸುವುದು ಬೇಡವೇ ಬೇಡ. ಹೆದರಿಕೆಗೇ ಅದರ ಜೀವ ಹೋಗಬಹುದು, ದಪ್ಪ ರೋಮ ನಮ್ಮ ಹವೆಯಲ್ಲಿ ಆರುವುದೂ ಇಲ್ಲ.

ಚಿಗಟ, ಉಣ್ಣಿಗೆ ನಾಯಿಯ ಔಷಧ ಹಚ್ಚುವವರಿದ್ದಾರೆ. ಫಿಪ್ರೊನಿಲ್ ಇರುವ ಔಷಧ ಮೊಲಕ್ಕೆ ವಿಷ. ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬೇಡಿ.

ನಿಮ್ಮ ಆರೋಗ್ಯದ ಮಾತೂ ಇಲ್ಲೇ ಹೇಳಬೇಕು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಳೆಗಾಲಕ್ಕೆ ಇಲಿಜ್ವರ ಬರುತ್ತದೆ. ಮೊಲದ ಕಾಳು, ತಿಂಡಿಗೆ ಇಲಿ ಬರುತ್ತದೆ, ಅದರ ಉಚ್ಚೆ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಗೂಡು ತೊಳೆಯುವಾಗ ಗಂಬೂಟು, ಕೈಗೆ ಗ್ಲೌಸ್ ಹಾಕಿ. ಆಹಾರವನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ.

ಹಂತ 7: ಬೇಸಿಗೆಯ ಸೆಕೆ

ಮೊಲಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಮೈಯ ಬಿಸಿ ಹೊರಹೋಗುವುದು ಹೆಚ್ಚಾಗಿ ಕಿವಿಯಿಂದ. 28 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು, ನಮ್ಮಲ್ಲಿ ಏಪ್ರಿಲ್, ಮೇಯಲ್ಲಿ 33, 34 ಮಾಮೂಲು. ಘಟ್ಟದ ಮೇಲಿನವರು ಒದ್ದೆ ಗೋಣಿ ಇಳಿಬಿಟ್ಟು ತಂಪು ಮಾಡುತ್ತಾರೆ. ಅಲ್ಲಿಯ ಒಣಗಾಳಿಗೆ ಅದು ಸರಿ. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ, ಗೋಣಿ ತಂಪಾಗುವುದಕ್ಕಿಂತ ಗೂಡು ಒದ್ದೆಯಾಗುವುದೇ ಜಾಸ್ತಿ. ಅದರ ಬದಲು ಒಂದು ಗ್ರಾನೈಟ್ ತುಂಡು ಅಥವಾ ಹಳೆ ನೆಲದ ಟೈಲ್ ಒಳಗೆ ಇಡಿ, ಮೊಲ ಹೊಟ್ಟೆ ಅಂಟಿಸಿ ಮಲಗುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮಧ್ಯಾಹ್ನ ಕರೆಂಟ್ ಹೋದರೂ ಇದು ಕೆಲಸ ಮಾಡುತ್ತದೆ.

ಬಾಯಿ ತೆರೆದು ಉಸಿರಾಡುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಕಿವಿ ಕೆಂಪಾಗಿ ಸುಡುತ್ತಿದ್ದರೆ ಬಿಸಿಲಾಘಾತ. ನೆರಳಿಗೆ ತನ್ನಿ, ಕಿವಿಗೆ ತಣ್ಣೀರಿನ ಬಟ್ಟೆ ಒತ್ತಿ, ಐಸ್ ನೀರಿನಲ್ಲಿ ಅದ್ದಬೇಡಿ, ತಡಮಾಡದೆ ವೈದ್ಯರಿಗೆ ತೋರಿಸಿ. ಮೊಲ ನೋಡುವ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲ. ಮೊಲ ತಂದ ವಾರವೇ ಒಬ್ಬರನ್ನು ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ಗುಡಿಸುವಾಗ ಕಾಣುವುದು, ಗುಡಿಸಿದ್ದನ್ನು ಬಳಸುವುದು

ಗುಡಿಸುವ ಹೊತ್ತೇ ಆರೋಗ್ಯ ನೋಡುವ ಹೊತ್ತು. ಒಳ್ಳೆಯ ಹಿಕ್ಕೆ ದುಂಡಗೆ, ಒಣಗಿ, ಕಡಲೆ ಗಾತ್ರಕ್ಕೆ ಒಂದೇ ಸಮ ಇರುತ್ತದೆ. ಒಡೆದರೆ ಒಳಗೆ ಹುಲ್ಲಿನ ನಾರು ಕಾಣಬೇಕು. ಚಿಕ್ಕದಾಗುತ್ತಾ ಬಂದರೆ ಹುಲ್ಲು ಸಾಲುತ್ತಿಲ್ಲ. ದ್ರಾಕ್ಷಿಗೊಂಚಲಿನಂಥ ಮೆತ್ತನೆ ಹೊಳಪು ಹಿಕ್ಕೆ ಅಪರೂಪಕ್ಕೆ ಕಂಡರೆ ಹೆದರಬೇಡಿ. ಮೊಲ ಅದನ್ನು ಮತ್ತೆ ತಿಂದು ಸತ್ವ ಪಡೆಯುತ್ತದೆ, ಅದು ರೋಗವಲ್ಲ. ದಿನಾ ನೆಲದಲ್ಲಿ ಉಳಿಯುತ್ತಿದ್ದರೆ ಕಾಳು, ಹಣ್ಣು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿ. ಉಚ್ಚೆ ಕೆಂಪು, ಕಿತ್ತಳೆ ಬಣ್ಣಕ್ಕೆ ಬರುವುದು ಹೆಚ್ಚಾಗಿ ತಿಂದ ಸೊಪ್ಪಿನಿಂದ. ಒಂದೆರಡು ದಿನದಲ್ಲಿ ಸರಿಹೋಗದಿದ್ದರೆ, ಅಥವಾ ಉಚ್ಚೆ ಹೊಯ್ಯಲು ತಿಣುಕುತ್ತಿದ್ದರೆ ವೈದ್ಯರಿಗೆ ತೋರಿಸಿ. ಹನ್ನೆರಡು ಗಂಟೆ ಹಿಕ್ಕೆಯೇ ಇಲ್ಲ, ತಿನ್ನುತ್ತಲೂ ಇಲ್ಲ ಅಂದರೆ ಕರುಳು ನಿಂತಿದೆ ಎಂದು ತಿಳಿಯಿರಿ. ಬೆಳಗಾಗಲಿ ಅಂತ ಕಾಯಬೇಡಿ.

ಗುಡಿಸಿದ ಹಿಕ್ಕೆ ಒಳ್ಳೆಯ ಗೊಬ್ಬರ. ಕೋಳಿಗೊಬ್ಬರದ ಹಾಗೆ ಬೇರು ಸುಡುವುದಿಲ್ಲ, ಒಣಗಿದ್ದನ್ನು ನೇರವಾಗಿ ಬುಡಕ್ಕೆ ಹಾಕಬಹುದು. ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ಬೆಳೆಸುವವರ ಪಕ್ಕದ ಮನೆಯಲ್ಲಿ ಮೊಲ ಇದ್ದರೆ ಹಿಕ್ಕೆಗೆ ಗಿರಾಕಿ ಹುಡುಕಬೇಕಿಲ್ಲ. ಮಲ್ಲಿಗೆಗೆ, ದಾಸವಾಳಕ್ಕೆ, ಬಾಳೆಗೆ ಹಾಗೇ ಹಾಕಿ. ಬಸಳೆ, ಬೆಂಡೆ, ಗುಳ್ಳ ಮುಂತಾದ ತಿನ್ನುವ ಗಿಡಗಳಿಗೆ ಎರೆಹುಳದ ಗುಂಡಿಯಲ್ಲಿ ಹಾಕಿ ಕೊಳೆಸಿ ಹಾಕುವುದು ಒಳ್ಳೆಯದು. ಕಾಯಿಲೆಯ ಮೊಲದ ಹಿಕ್ಕೆ ಮತ್ತು ಹಾಸಿಗೆ ಗೊಬ್ಬರಕ್ಕೆ ಬೇಡ, ಆಳವಾದ ಗುಂಡಿ ತೆಗೆದು ಮುಚ್ಚಿ. ಗುಂಡಿ ಬಾವಿಯಿಂದ ದೂರ ಇರಲಿ.